ಬಣ್ಣದಕ್ಕ ಬೆಳೆಸಿದ ಕೆಂಪು

ಬಣ್ಣದಕ್ಕನಿಗೆ ಒಂದು ಮರದ ಮೇಲೆ ಮೂವತ್ತೊಂದು ವರ್ಷದ ಹಗೆಯಿತ್ತು. ಮರದ ಮೇಲೆ ಎಂಥ ಹಗೆ ಎಂದು ನಗಬೇಡಿ. ನಮ್ಮನ್ನು ಮತ್ತೆ ಮತ್ತೆ ಸೋಲಿಸಿದವರ ಮೇಲೆ ಹುಟ್ಟುತ್ತದಲ್ಲ, ಅರ್ಧ ಸಿಟ್ಟು ಅರ್ಧ ಮೋಹ, ಅಂಥ ಹಗೆ ಅದು.

ಬಟ್ಟೆಗೆ ಬಣ್ಣ ಹಾಕುವ ಕಾರ್ಖಾನೆಯಲ್ಲಿ ಬಣ್ಣ ಹೊಂದಿಸುವುದು ಅವಳ ಕೆಲಸವಾಗಿತ್ತು. ಗಿರಾಕಿ ಒಂದು ಚೂರು ಬಟ್ಟೆ ಕಳಿಸಿ ‘ಇದೇ ಬಣ್ಣ ಬೇಕು’ ಎನ್ನುತ್ತಾನೆ. ಆ ಚೂರನ್ನೂ ಬಣ್ಣದ ತೊಟ್ಟಿಯಿಂದ ಬಂದ ಹೊಸ ಬಟ್ಟೆಯನ್ನೂ ಪಕ್ಕಪಕ್ಕ ಹಿಡಿದು, ಎರಡೂ ಒಂದೇ ಹೌದೋ ಅಲ್ಲವೋ ಎಂದು ಹೇಳಬೇಕು. ಅವಳು ಪಾಸ್ ಎಂದರೆ ಸಾವಿರ ಮೀಟರು ಬಟ್ಟೆ ಲಾರಿ ಹತ್ತುತ್ತಿತ್ತು. ಫೇಲ್ ಎಂದರೆ ಅಷ್ಟೂ ಬಟ್ಟೆ ಮತ್ತೆ ತೊಟ್ಟಿಗೆ ಬೀಳುತ್ತಿತ್ತು, ತೊಟ್ಟಿಯವರ ಬಾಯಿಂದ ಅವಳಿಗೆ ಒಂದಿಷ್ಟು ಬೈಗುಳವೂ ಬೀಳುತ್ತಿತ್ತು. ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಎರಡು ಬಿಳಿಗಳ ನಡುವಿನ ವ್ಯತ್ಯಾಸವನ್ನು ಎತ್ತಿ ತೋರಿಸುತ್ತಿದ್ದಳು. ಅವಳ ಕಟ್ಟುನಿಟ್ಟು ಎರಡೇ: ಬಣ್ಣವನ್ನು ಬೆಳಿಗ್ಗೆ ಹತ್ತರ ಹೊತ್ತಿಗೆ ಉತ್ತರದ ಕಿಟಕಿಯ ಬೆಳಕಿನಲ್ಲೇ ನೋಡಬೇಕು, ನೆನಪಿನಿಂದ ಯಾವ ಬಣ್ಣಕ್ಕೂ ತೀರ್ಪು ಕೊಡಬಾರದು, ಕೈಯಲ್ಲಿ ಸ್ಯಾಂಪಲ್ ಇರಲೇಬೇಕು.

ಆ ಉತ್ತರದ ಕಿಟಕಿಯ ಆಚೆಗೇ ಆ ಮರ ನಿಂತಿತ್ತು. ಯಾವ ಕಾಲದ ಮಾಲೀಕ ಎಲ್ಲಿಂದ ತಂದು ನೆಟ್ಟನೋ, ಎಲ್ಲರೂ ಅದನ್ನು ಸ್ವೀಟ್ ಗಮ್ ಎಂದೇ ಕರೆಯುತ್ತಿದ್ದರು. ಐದು ಬೆರಳು ಬಿಡಿಸಿದ ಅಂಗೈಯಂಥ ಎಲೆ, ಹಿಚುಕಿದರೆ ಅಂಟಂಟು ಪರಿಮಳ, ಕೆಳಗೆ ಉದುರಿ ಕಾಲಿಗೆ ಚುಚ್ಚುವ ಮುಳ್ಳುಚೆಂಡಿನಂಥ ಕಾಯಿ. ವರ್ಷದ ಹನ್ನೊಂದು ತಿಂಗಳು ಅದರ ಕಡೆ ಯಾರೂ ತಿರುಗಿ ನೋಡುತ್ತಿರಲಿಲ್ಲ. ಚಳಿ ಶುರುವಾಗುವ ಮುಂಚಿನ ಮೂರು ವಾರ ಮಾತ್ರ ಮರವಿಡೀ ಕೆಂಪಾಗುತ್ತಿತ್ತು. ಎಂಥ ಕೆಂಪು! ಆಳವಾದ, ತುಂಬಿದ ಕೆಂಪು. ಅದರೊಳಗೆ ಎಲ್ಲೋ ಒಂದೇ ಒಂದು ಹನಿ ನೀಲಿ ಬಿದ್ದಂತಿತ್ತು.

ಅವಳು ಆ ಬಣ್ಣವನ್ನು ಬಟ್ಟೆಗೆ ತರಲು ಹಠ ಹಿಡಿದಳು. ಊಟದ ಬಿಡುವಿನಲ್ಲಿ ಎಲೆಯೊಂದನ್ನು ಕಿತ್ತು ತಂದು, ಪ್ರಯೋಗದ ಪುಟ್ಟ ಪಾತ್ರೆಗಳಲ್ಲಿ ಅಂಗೈಯಗಲದ ಬಟ್ಟೆ ಅದ್ದಿ ಅದ್ದಿ ನೋಡಿದಳು. ನೀಲಿ ಕೊಂಚ ಹೆಚ್ಚಾದರೆ ನೇರಳೆಗೆ ತಿರುಗುತ್ತಿತ್ತು, ಕಡಿಮೆಯಾದರೆ ಇಟ್ಟಿಗೆಯಾಗುತ್ತಿತ್ತು. ಎಲೆಯಾದರೋ ಸಂಜೆಯೊಳಗೆ ಬಾಡಿ ಬೇರೆಯೇ ಬಣ್ಣವಾಗುತ್ತಿತ್ತು, ಅಂದರೆ ಸ್ಯಾಂಪಲ್ಲೇ ಮೋಸ ಮಾಡುತ್ತಿತ್ತು. ಎಲ್ಲಕ್ಕಿಂತ ಹತ್ತಿರ ಬಂದ ತುಂಡನ್ನು ಹಿಡಿದು, “ಇದು ಮಲತಾಯಿ ಮಗ ಕಣ್ರೀ. ಮನೆ ಒಂದೇ, ರಕ್ತ ಬೇರೆ,” ಎಂದು ತಾನೇ ಅದಕ್ಕೆ ಫೇಲ್ ಹಾಕಿದಳು. ಹೀಗೆ ವರ್ಷಕ್ಕೊಮ್ಮೆ ಮೂರು ವಾರ ಹೋರಾಡಿ, ಉಳಿದ ದಿನ ಊರವರ ಬಣ್ಣ ಹೊಂದಿಸುತ್ತ ಐವತ್ತೆಂಟಾಯಿತು. ಕಾರ್ಖಾನೆ ಬಿಡುವ ದಿನ ಅವಳು ಗಂಡನಿಗೆ ಹೇಳಿದಳು: “ಆ ಬಣ್ಣ ಮಾಡೋಕಾಗಲ್ಲ ರೀ. ಬೆಳೀಬೇಕು.”

ಗಂಡ ಕ್ಷೌರಿಕ. ಮನೆಯ ಮುಂಭಾಗದಲ್ಲಿ ಎರಡು ಕುರ್ಚಿಯ ಅಂಗಡಿ, ಹಿಂದೆ ಎರಡು ಕೋಣೆ, ಅದರ ಹಿಂದೆ ಬಟ್ಟೆ ಒಣಹಾಕುವಷ್ಟು ಹಿತ್ತಲು. “ಅಲ್ಲಿ ಮರ ಬಂದ್ರೆ ನಾವೆಲ್ಲಿಗೆ ಹೋಗೋದು?” ಎಂದು ಅವನು ಕೇಳಿದ. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವ ಹೆಂಗಸು ಅಷ್ಟರಲ್ಲಾಗಲೇ ಹಿತ್ತಲನ್ನು ಅಳೆಯತೊಡಗಿದ್ದಳು.

ಮೊದಲ ವರ್ಷ ಮರದ ಕೆಳಗೆ ಬಿದ್ದಿದ್ದ ಮುಳ್ಳುಚೆಂಡುಗಳನ್ನು ಚೀಲದ ತುಂಬ ಆರಿಸಿ ತಂದಳು. ಬಡಿದಾಗ ಗರಗಸದ ಪುಡಿಯಂಥದ್ದು ಉದುರಿತು. ಅದನ್ನೇ ಬೀಜವೆಂದು ಬಿತ್ತಿ ನಾಲ್ಕು ತಿಂಗಳು ನೀರುಣಿಸಿದಳು. ಒಂದು ಹುಲ್ಲೂ ಮೇಲೇಳಲಿಲ್ಲ. ಉದುರಿದ ಕಾಯಿಯಿಂದ ನಿಜವಾದ ಬೀಜ ಎಂದೋ ಹಾರಿಹೋಗಿರುತ್ತದೆ, ಉಳಿಯುವುದು ಜೊಳ್ಳು ಎಂದು ಆಮೇಲೆ ತಿಳಿಯಿತು. ಮರುವರ್ಷ ಕಾಯಿ ಇನ್ನೂ ಹಸಿರು ಹಳದಿಯಾಗಿದ್ದಾಗಲೇ ಹೋಗಿ, ಕಾರ್ಖಾನೆಯ ವಾಚ್‌ಮನ್ನನಿಂದ ಗಳ ಇಸಿದುಕೊಂಡು ಕೆಡವಿದಳು. ಹಳೆಯ ಪತ್ರಿಕೆಯ ಮೇಲೆ ಒಣಗಿಸಿದಾಗ ಚೆಂಡು ಬಾಯಿ ತೆರೆದು, ರೆಕ್ಕೆಯಿದ್ದ ಸಣ್ಣ ಬೀಜಗಳನ್ನು ಕೊಟ್ಟಿತು. ಅವಕ್ಕೆ ಚಳಿ ತಾಗದೆ ಮೊಳಕೆ ಬರುವುದಿಲ್ಲವೆಂದು ಒದ್ದೆ ಮರಳಿನಲ್ಲಿ ಕಲಸಿ, ಖಾಲಿ ಬೆಣ್ಣೆಯ ಡಬ್ಬಿಗೆ ತುಂಬಿ ಎರಡು ತಿಂಗಳು ಫ್ರಿಜ್ಜಿನಲ್ಲಿಟ್ಟಳು. ಗಂಡ ಒಂದು ಬೆಳಿಗ್ಗೆ ಅವಸರದಲ್ಲಿ ಅದನ್ನೇ ಬ್ರೆಡ್ಡಿಗೆ ಸವರಿಕೊಂಡ. ಕಟಕಟ ಸದ್ದಾದಾಗಲೇ ಅವನಿಗೆ ಗೊತ್ತಾದದ್ದು. ಹೆಂಡತಿ ಅವನ ಹಲ್ಲಿನ ಬಗ್ಗೆ ಕೇಳಲಿಲ್ಲ, “ಬೀಜ ಎಷ್ಟು ನುಂಗಿದ್ರಿ?” ಎಂದಳು.

ಹನ್ನೊಂದು ಸಸಿಗಳು ಎದ್ದವು. ಬಣ್ಣದ ಪುಡಿ ಬರುತ್ತಿದ್ದ ಹಳೆಯ ಡ್ರಮ್ಮುಗಳ ತಳಕ್ಕೆ ತೂತು ಕೊರೆದು, ಒಂದೊಂದರಲ್ಲಿ ಒಂದೊಂದನ್ನು ನೆಟ್ಟಳು. ಆ ವರ್ಷದ ಚಳಿಗೆ ಮುಂಚೆ ಹತ್ತು ಬಣ್ಣ ತಿರುಗಿದವು: ಒಂದು ಹಳದಿ, ಒಂದು ಕಿತ್ತಳೆ, ಒಂದು ನೇರಳೆ, ಹೀಗೆ. ಹನ್ನೊಂದನೆಯದು ಏನೂ ಆಗದೆ ಹಾಗೇ ಒಣಗಿಹೋಯಿತು. ಆ ಕೆಂಪು ಮಾತ್ರ ಒಂದರಲ್ಲೂ ಇಲ್ಲ.

ಅವಳು ಸಸಿ ಮಾರುವವನ ಹತ್ತಿರ ಜಗಳಕ್ಕೇ ಹೋದಳು, ಬೀಜ ಅವನದ್ದಲ್ಲದಿದ್ದರೂ. ಅವನು ನಕ್ಕುಬಿಟ್ಟ. “ಬೀಜದಿಂದ ಬಂದಿದ್ದು ತಾಯಿ ಹಾಗೇ ಇರುತ್ತೆ ಅಂತ ಯಾರು ಹೇಳಿದ್ರಮ್ಮಾ? ನೀವು ನಿಮ್ಮ ತಾಯಿ ಥರಾನೇ ಇದ್ದೀರಾ?”

ನೋಡಿ, ಬಣ್ಣದ ಕೆಲಸದವರು ಮಾತ್ರ ಮಾಡಬಹುದಾದ ತಪ್ಪು ಇದು. ಅವಳ ಲೋಕದಲ್ಲಿ ಪುಡಿಯ ತೂಕ, ನೀರಿನ ಬಿಸಿ, ಹೊತ್ತು ಮೂರನ್ನೂ ಒಂದು ಚೀಟಿಯಲ್ಲಿ ಸರಿಯಾಗಿ ಬರೆದಿಟ್ಟರೆ ಹತ್ತು ವರ್ಷ ಬಿಟ್ಟರೂ ಅದೇ ಬಣ್ಣ ಬರಬೇಕು. ಬೀಜವೂ ಅಂಥದ್ದೇ ಚೀಟಿ ಎಂದು ನಂಬಿದ್ದಳು. ಅದೇ ಬಣ್ಣ ಬೇಕಿದ್ದರೆ ಅದೇ ಮರದ ಕಡ್ಡಿಯನ್ನು ಬೇರೆ ಗಿಡಕ್ಕೆ ಕಸಿ ಕಟ್ಟಬೇಕು ಎಂದು ಸಸಿಯವನು ತಿಳಿಸಿದ. ಆದರೂ ಇನ್ನೆರಡು ವರ್ಷ ಅವಳು ಉಳಿದ ಹತ್ತನ್ನೂ ಕಾದಳು, ಎಲೆ ಬಲಿತ ಮೇಲೆ ಬದಲಾದೀತು ಎಂಬ ಆಸೆಯಿಂದ. ಬದಲಾಗಲಿಲ್ಲ. ಹಿಂದಿನ ಮನೆಯ ದರ್ಜಿ ಒಂದನ್ನು ಬೇಡಿದ, ಕೊಟ್ಟುಬಿಟ್ಟಳು. “ಇದು ಕೆಸರು ಬಣ್ಣ. ಆಮೇಲೆ ನನ್ನ ಬೈಬೇಡ,” ಎಂದು ಮುಂಚೆಯೇ ಹೇಳಿದಳು. “ನಂಗೆ ನೆರಳು ಸಾಕು ಬಣ್ಣದಕ್ಕಾ,” ಎಂದ ಅವನು.

ಐದನೇ ಚಳಿಗಾಲದಲ್ಲಿ ಕಾರ್ಖಾನೆಯಿಂದ ಫೋನ್ ಬಂತು. ಮಾಡಿದವಳು ಅವಳ ಶಿಷ್ಯೆ. ಎಂಟು ವರ್ಷ ಅವಳ ಪಕ್ಕದಲ್ಲಿ ಕೂತು ಕಣ್ಣು ಪಳಗಿಸಿಕೊಂಡು, ಈಗ ಅವಳದೇ ಕುರ್ಚಿಯಲ್ಲಿ ಕೂತಿರುವವಳು. “ಅಕ್ಕಾ, ಲಾರಿ ತಿರುಗೋಕೆ ಜಾಗ ಸಾಲಲ್ಲ ಅಂತ ಕಿಟಕಿ ಹತ್ರದ ಮರ ಕಡೀತಿದ್ದಾರೆ. ಈಗಲೇ ಬನ್ನಿ.”

ಅವಳು ಹೋಗುವಷ್ಟರಲ್ಲಿ ಮರ ನೆಲಕ್ಕೆ ಬಿದ್ದಿತ್ತು. ಎಲೆಯಿಲ್ಲದ ಕೊಂಬೆಗಳ ನಡುವೆ ನಿಂತಾಗ ಹಳೆಯ ಹಗೆ ಎಲ್ಲಿ ಹೋಯಿತೋ ಗೊತ್ತಾಗಲಿಲ್ಲ. ಅಳುತ್ತ ನಿಲ್ಲುವ ಪೈಕಿ ಅಲ್ಲ ಅವಳು. ಪೆನ್ಸಿಲ್ ದಪ್ಪದ ಕಡ್ಡಿಗಳನ್ನು ಆರಿಸಿ ಕತ್ತರಿಸಿ, ಒದ್ದೆ ಬಟ್ಟೆಯಲ್ಲಿ ಸುತ್ತಿ ಮನೆಗೆ ತಂದಳು. ಮತ್ತೆ ಫ್ರಿಜ್ಜು. ಈ ಸಲ ಗಂಡ ಒಣ ಬ್ರೆಡ್ಡನ್ನೇ ತಿಂದ.

ಚಳಿ ಇಳಿಯುವ ಹೊತ್ತಿಗೆ, ಉಳಿದಿದ್ದ ಒಂಬತ್ತು ಸಸಿಗಳಿಗೆ ಕಸಿ ಕಟ್ಟಲು ಕೂತಳು. ಕಸಿಗೆ ಅತಿ ಹರಿತವಾದ ಅಲಗು ಬೇಕು, ಮನೆಯಲ್ಲೇ ಇತ್ತಲ್ಲ. “ಗಿಡಕ್ಕೆ ಕ್ಷೌರ ಮಾಡೋಕೆ ನನ್ನ ಕತ್ತಿನಾ!” ಎಂದು ಗಂಡ ಮೂಗಿನ ಮೇಲೆ ಬೆರಳಿಟ್ಟ. ಆದರೆ ಅವಳು ಕತ್ತಿ ಹಿಡಿದ ರೀತಿ ನೋಡಿ ಅದನ್ನು ತಾನೇ ತೆಗೆದುಕೊಂಡ. ನಲವತ್ತು ವರ್ಷ ಗಲ್ಲದ ಮೇಲೆ ಓಡಿದ ಕೈ ಅದು. ಅವನು ಗಿಡವನ್ನು ಓರೆಯಾಗಿ ಸೀಳಿದ, ಅವಳು ಕಡ್ಡಿಯನ್ನು ತೊಗಟೆಗೆ ತೊಗಟೆ ಕೂಡುವಂತೆ ಕೂರಿಸಿ ಪಟ್ಟಿ ಬಿಗಿದಳು. ಒಂಬತ್ತರಲ್ಲಿ ಎಂಟು ಒಣಗಿದವು. ಒಂದು ಚಿಗುರಿತು.

ಆ ಒಂದನ್ನು ಡ್ರಮ್ಮಿನಿಂದ ಬಿಡಿಸಿ ಹಿತ್ತಲ ನಡುಮಧ್ಯೆ ನೆಟ್ಟಳು. ಒಣಹಾಕುವ ತಂತಿ ಬಿಚ್ಚಿ ಬೇರೆ ಕಡೆ ಕಟ್ಟಿದ್ದಾಯಿತು. ಮೊದಲ ವರ್ಷ ನಾಲ್ಕೇ ಎಲೆ, ತೀರ್ಪಿಗೆ ಸಾಲದು. ಎರಡನೇ ವರ್ಷ ಎಲೆ ತುಂಬ ಬಂದು ಬಣ್ಣ ತಿರುಗಿತು. ಕೆಂಪಲ್ಲ. ಹಳೆಯ ಇಟ್ಟಿಗೆಯಂಥ ಕಂದು. ಇನ್ನೊಂದು ವರ್ಷ ಹಲ್ಲು ಕಚ್ಚಿ ಕಾದಳು. ಮೂರನೇ ವರ್ಷವೂ ಅದೇ ಕಂದು.

ಅವಳು ಅದನ್ನು ಹೀಗೆ ಅರ್ಥ ಮಾಡಿಕೊಂಡಳು: ಕಸಿಕಡ್ಡಿ ಎಂದೋ ಸತ್ತಿದೆ, ಕೆಳಗಿನ ಗಿಡವೇ ಚಿಗುರಿ ಮೇಲೆದ್ದು ತನ್ನನ್ನು ಏಮಾರಿಸಿದೆ. ಸುಳ್ಳು ಬಣ್ಣವನ್ನು ಕಣ್ಣೆದುರು ಇಟ್ಟುಕೊಂಡು ಬದುಕಲು ಅವಳಿಂದ ಆಗದು. ಒಂದು ಬೆಳಿಗ್ಗೆ ಗರಗಸ ಹಿಡಿದು ಹಿತ್ತಲಿಗಿಳಿದಳು. ಮನೆಯ ಹಿಂದಿನ ಬಾಗಿಲಲ್ಲಿ ಶಿಷ್ಯೆ ನಿಂತಿದ್ದಳು, ಕಂಕುಳಲ್ಲಿ ಒಂದು ಉದ್ದನೆಯ ಪೆಟ್ಟಿಗೆ.

“ಅಕ್ಕಾ, ನಿಲ್ಲಿ. ಯಾಕೆ ಕಡೀತೀರಾ?”

“ಕಣ್ಣು ಕಾಣಲ್ವಾ ನಿಂಗೆ? ಕಂದು ಬಂದಿದೆ.”

ಶಿಷ್ಯೆ ಮರದ ಹತ್ತಿರ ಹೋಗಿ ಎಲೆಯೊಂದನ್ನು ಬೆಳಕಿಗೆ ತಿರುಗಿಸಿದಳು. ಬುಡದ ಕಸಿಯ ಗಾಯವನ್ನು ಮುಟ್ಟಿ ನೋಡಿದಳು. ಕೊಂಬೆಗಳೆಲ್ಲ ಆ ಗಾಯದ ಮೇಲಿನಿಂದಲೇ ಹೊರಟಿದ್ದವು. ಆಮೇಲೆ ಮೆಲ್ಲಗೆ ಹೇಳಿದಳು: “ಇದು ಕೆಂಪು, ಅಕ್ಕಾ. ಅದೇ ಕೆಂಪು.”

“ಮೂವತ್ತೊಂದು ವರ್ಷ ನೋಡಿದವಳು ನಾನು. ನೀನು ನಂಗೆ ಹೇಳಿಕೊಡೋಕೆ ಬರಬೇಡ.”

ಶಿಷ್ಯೆ ಪೆಟ್ಟಿಗೆಯನ್ನು ಬಟ್ಟೆ ಒಗೆಯುವ ಕಲ್ಲಿನ ಮೇಲಿಟ್ಟು ತೆರೆದಳು. ಬಣ್ಣ ಹೊಂದಿಸುವವರು ವರ್ಷಕ್ಕೊಮ್ಮೆ ಕೊಡಬೇಕಾದ ಕಣ್ಣಿನ ಪರೀಕ್ಷೆಯ ಬಿಲ್ಲೆಗಳು ಅವು. ಕಲಸಿಟ್ಟ ಬಿಲ್ಲೆಗಳನ್ನು ಬಣ್ಣದ ಕ್ರಮದಲ್ಲಿ ಸಾಲಾಗಿ ಜೋಡಿಸಬೇಕು. ಸರಿಯೋ ತಪ್ಪೋ ಎಂಬುದಕ್ಕೆ ಹಿಂದೆ ಅಂಕಿ ಇರುತ್ತದೆ.

“ಇದನ್ನ ಯಾಕೆ ತಂದೆ? ಯಾರು ಹೇಳಿದ್ರು?”

ಗಂಡ ಅಂಗಡಿಯಿಂದ ಬಂದು ಬಾಗಿಲಲ್ಲಿ ನಿಂತಿದ್ದ. “ನಾನೇ ಹೇಳಿದ್ದು,” ಎಂದ ನೆಲ ನೋಡುತ್ತ. “ಒಂದು ವರ್ಷದಿಂದ ಅಂಗಡಿಯ ಬಿಳೀ ಬಟ್ಟೆ ಎಲ್ಲಾ ಹಳದಿ, ಸರಿಯಾಗಿ ಒಗೆಯಲ್ಲ ಅಂತ ಬೈತಿದ್ದೀಯ. ಕುರ್ಚೀಲಿ ಕೂತ ಗಿರಾಕಿಗಳನ್ನೆಲ್ಲ ಕೇಳಿದೆ ಕಣೇ. ಎಲ್ಲರೂ ಬಿಳೀನೇ ಅಂದ್ರು.”

ಅವಳಿಗೆ ಉರಿದುಹೋಯಿತು. ಇಬ್ಬರ ಬಾಯಿ ಮುಚ್ಚಿಸಲೆಂದೇ ಗರಗಸ ಕೆಳಗಿಟ್ಟು ಕೂತಳು. ಕೆಂಪಿನ ಸಾಲು ಸಲೀಸಾಗಿ ಬಂತು. ನೀಲಿಯ ಸಾಲಿಗೆ ಬಂದಾಗ ಕೈ ನಿಂತಿತು. ಮೂರು ಬಿಲ್ಲೆಗಳು ಒಂದೇ ಥರ ಕಂಡವು. ಎತ್ತಿ ಇಟ್ಟಳು, ಬದಲಿಸಿದಳು, ಮತ್ತೆ ಬದಲಿಸಿದಳು. ಹಿಂದೆ ಐದು ನಿಮಿಷದಲ್ಲಿ ಮುಗಿಯುತ್ತಿದ್ದ ಕೆಲಸಕ್ಕೆ ಅರ್ಧ ಗಂಟೆ ಹಿಡಿಯಿತು. ಕೊನೆಗೆ ಬಿಲ್ಲೆಗಳನ್ನು ಬೇರೆ ಯಾರೂ ಮುಟ್ಟಗೊಡದೆ ತಾನೇ ತಿರುಗಿಸಿ ಅಂಕಿ ನೋಡಿದಳು. ಏಳು ತಪ್ಪು.

ಕಾಮಾಲೆ ಕಣ್ಣಿಗೆ ಲೋಕವೆಲ್ಲ ಹಳದಿ ಎಂದು ತೊಟ್ಟಿಯವರನ್ನು ಎಷ್ಟು ಸಲ ಹಂಗಿಸಿದ್ದಳೋ! ಹಳದಿ ಗಾಜಿನ ಹಿಂದೆ ನಿಂತು ನೋಡಿದರೆ ಗಾಜು ನೀಲಿಯನ್ನು ನುಂಗುತ್ತದೆ, ಇದನ್ನು ಶಿಷ್ಯೆಗೆ ಮೊದಲ ವಾರದಲ್ಲೇ ಕಲಿಸಿದ್ದು ಇವಳೇ. ಕೆಂಪಿನೊಳಗಿನ ಆ ಒಂದು ಹನಿ ನೀಲಿಯನ್ನು ನುಂಗಿಬಿಟ್ಟರೆ ಉಳಿಯುವುದೇನು? ಇಟ್ಟಿಗೆ.

“ಕಣ್ಣಿಗೆ ಪೊರೆ ಬಂದಿದೆ,” ಎಂದಳು, ತನಗೆ ತಾನೇ ಹೇಳಿಕೊಂಡಂತೆ. ಆಮೇಲೆ ಶಿಷ್ಯೆಯ ಕಡೆ ತಿರುಗಿದಳು. “ಆ ಎಲೇಲಿ ನೀಲಿ ಇದೆಯಾ?”

“ಇದೆ ಅಕ್ಕಾ. ಒಂದೇ ಹನಿ. ನಾನೂ ಎಂಟು ವರ್ಷ ಆ ಕಿಟಕಿ ಹತ್ರ ಕೂತವಳು.”

ಬಣ್ಣದಕ್ಕ ಮರವನ್ನು ನೋಡಿದಳು. ಎಷ್ಟು ನೋಡಿದರೂ ಕಂದೇ. ಬೇರೆಯವರ ಮಾತು ಕೇಳಿ ಅವಳು ಒಂದು ಕರವಸ್ತ್ರವನ್ನೂ ಪಾಸ್ ಮಾಡಿದವಳಲ್ಲ. ಈಗ ತನ್ನ ಕಣ್ಣು ಅಲ್ಲ ಎನ್ನುತ್ತಿರುವುದನ್ನು ಇನ್ನೊಬ್ಬಳ ಕಣ್ಣಿನ ಮೇಲೆ ಭಾರ ಹಾಕಿ ಒಪ್ಪಬೇಕಿತ್ತು. ಅದು ಅವಳಿಗೆ ಸಾವಿನಷ್ಟು ಕಷ್ಟವಾಯಿತು. ಆದರೂ ಗರಗಸವನ್ನು ಎತ್ತಿ ಗಂಡನ ಕೈಗೆ ಕೊಟ್ಟಳು. “ಒಳಗಿಡಿ. ನನ್ನ ಕಣ್ಣಿಗೆ ಇದು ಈಗಲೂ ಕಂದೇ. ಆದ್ರೆ ಮರ ಇರಲಿ.”

ಆ ಚಳಿಗಾಲದಲ್ಲಿ ಒಂದು ತಿಂಗಳ ಅಂತರದಲ್ಲಿ ಎರಡೂ ಕಣ್ಣಿನ ಪೊರೆ ತೆಗೆಸಿದ್ದಾಯಿತು. ಅಷ್ಟರೊಳಗೆ ಎಲೆಯೆಲ್ಲ ಉದುರಿ ಮರ ಬೋಳಾಗಿತ್ತು. ಪಟ್ಟಿ ಬಿಚ್ಚಿ ಮನೆಗೆ ಬಂದವಳು ಮೊದಲು ನೋಡಿದ್ದು ಅಂಗಡಿಯ ಕುರ್ಚಿಯ ಮೇಲಿದ್ದ ಬಟ್ಟೆಯನ್ನು. ಹಾಲಿನಷ್ಟು ಬೆಳ್ಳಗಿತ್ತು.

“ರೀ, ಒಂದು ವರ್ಷ ನಿಮ್ಮನ್ನ ಸುಮ್ಮಸುಮ್ಮನೆ ಬೈದೆ.”

“ಒಂದೇ ವರ್ಷನಾ? ಉಳಿದ ಮೂವತ್ತೈದು ವರ್ಷದ್ದೂ ಸೇರಿಸ್ಕೊ,” ಎಂದ ಗಂಡ.

ಮರ ಚಿಗುರಿತು, ಹಸಿರಾಯಿತು. ಬೇಸಿಗೆಯಲ್ಲಿ ದಿನಕ್ಕೆ ಎಂಟು ಬಕೆಟ್ ನೀರು ಹೊತ್ತಳು. ತುದಿಯ ಎಲೆ ಬಣ್ಣ ತಿರುಗಿದ ಸುದ್ದಿ ಗಂಡನ ಬಾಯಿಂದ ಬಂದ ದಿನವೇ ಹಿತ್ತಲ ಬಾಗಿಲು ಹಾಕಿಸಿದಳು. ಅರ್ಧ ಬೆಂದ ಬಣ್ಣವನ್ನು ನೋಡಿ ತೀರ್ಪು ಕೊಡುವುದು ಅವಳ ಕಸುಬಿನಲ್ಲೇ ಇರಲಿಲ್ಲ. ಹನ್ನೆರಡು ದಿನ ಗಂಡನೇ ನೀರು ಹಾಕಿ ವರದಿ ಒಪ್ಪಿಸಿದ. “ಎಂಥ ಕೆಂಪು?” ಎಂದು ಕೇಳಿದರೆ, “ಕೆಂಪು ಅಂದ್ರೆ ಕೆಂಪು. ಅದರಲ್ಲಿ ಎಂಥದ್ದು ಅಂತ ಏನು?” ಎನ್ನುತ್ತಿದ್ದ. ಮೂವತ್ತಾರು ವರ್ಷ ಇಂಥವನ ಜೊತೆ ಬಾಳಿದೆನಲ್ಲ ಎಂದು ಅವಳು ಹಣೆ ಚಚ್ಚಿಕೊಂಡಳು.

ಹದಿಮೂರನೇ ದಿನ ಬೆಳಿಗ್ಗೆ ಹತ್ತಕ್ಕೆ ಬಾಗಿಲು ತೆಗೆದಳು. ಹಿತ್ತಲ ತುಂಬ ಆ ಕೆಂಪು ನಿಂತಿತ್ತು. ಕಾರ್ಖಾನೆಯ ಕಿಟಕಿಯ ಆಚೆ ಗಾಜಿನ ಹಿಂದಿದ್ದದ್ದು ಈಗ ಕೈಗೆ ಎಟಕುವಷ್ಟು ಹತ್ತಿರ. ಕಣ್ಣಿಂದ ದಳದಳ ನೀರು ಇಳಿಯಿತು, ಒರೆಸಿಕೊಳ್ಳಲೂ ಹೋಗಲಿಲ್ಲ. ಗೋಡೆಯಾಚೆ, ಹಿಂದಿನ ಮನೆಯ ದರ್ಜಿಯ ಅಂಗಳದಲ್ಲಿ ಅವಳು ಕೆಸರು ಎಂದು ಕೊಟ್ಟಿದ್ದ ಮರ ಇಣುಕುತ್ತಿತ್ತು. ಅದು ಸೊಗಸಾದ ತಿಳಿನೇರಳೆ. ಅದನ್ನು ನೋಡಿದ್ದೇ ತಡ, ಅವಳ ಅಳು ನಿಂತು ತಲೆಯೊಳಗೆ ಬೇರೆಯೇ ಒಂದು ಲೆಕ್ಕ ಶುರುವಾಯಿತು. ಅದನ್ನು ಕೆಸರು ಎಂದದ್ದು ಯಾವಾಗ? ನಾಲ್ಕು ವರ್ಷದ ಹಿಂದೆ. ಆಗಲೇ ಕಣ್ಣು ಅಷ್ಟು ಕೆಟ್ಟಿತ್ತೆಂದರೆ, ಕೆಡಲು ಶುರುವಾದದ್ದು ಎಂದು?

ಸಂಜೆಯವರೆಗೆ ಕಾಯದೆ ಶಿಷ್ಯೆಗೆ ಫೋನ್ ಮಾಡಿ, ಅರ್ಧ ದಿನ ರಜೆ ಹಾಕಿಸಿ ಕರೆಸಿಕೊಂಡಳು. ಮರದ ಕೆಳಗೆ ನಿಲ್ಲಿಸಿಕೊಂಡು ನೇರವಾಗಿ ಕೇಳಿದಳು: “ನಾನು ಕೆಲಸ ಬಿಡೋಕೆ ಮುಂಚೆನೇ ಶುರುವಾಗಿತ್ತಾ?”

ಶಿಷ್ಯೆ ಅಡ್ಡಗೋಡೆಯ ಮೇಲೆ ದೀಪ ಇಟ್ಟಂತೆ ಏನೋ ತೊದಲಿದಳು. ಬಣ್ಣದಕ್ಕ ಬಿಡಲಿಲ್ಲ.

“ಕೊನೇ ವರ್ಷ, ಅಕ್ಕಾ. ನೀಲಿ, ನೇರಳೆ ಬಂದಾಗ ಮಾತ್ರ. ನೀವು ಪಾಸ್ ಮಾಡಿ ಮನೆಗೆ ಹೋದ್ಮೇಲೆ ನಾನೊಂದ್ಸಲ ನೋಡ್ತಿದ್ದೆ. ಸರಿಯಿಲ್ಲದಿದ್ರೆ ವಾಪಸ್ ತೊಟ್ಟಿಗೆ ಹಾಕಿಸ್ತಿದ್ದೆ.”

“ಮೇಲಿನವರಿಗೆ ಗೊತ್ತಿತ್ತಾ?”

“ಯಾರಿಗೂ ಗೊತ್ತಿಲ್ಲ.”

ಬೀಳ್ಕೊಟ್ಟ ದಿನ ಮಾಲೀಕ ಎದ್ದು ನಿಂತು, ಈ ಹೆಣ್ಣುಮಗಳು ಪಾಸ್ ಮಾಡಿದ ಒಂದು ಲಾಟು ಬಟ್ಟೆಯೂ ಗಿರಾಕಿಯಿಂದ ವಾಪಸ್ ಬಂದಿಲ್ಲ ಎಂದಿದ್ದ. ಆ ಒಂದು ಮಾತನ್ನು ಅವಳು ಇಷ್ಟು ವರ್ಷ ಒಡವೆಯಂತೆ ಜೋಪಾನ ಮಾಡಿದ್ದಳು. ಅದರಲ್ಲಿ ಶಿಷ್ಯೆಯ ಪಾಲೂ ಇತ್ತೆಂದು ಈಗ ತಿಳಿಯಿತು.

“ನಂಗೆ ಯಾಕೆ ಹೇಳಲಿಲ್ಲ?”

“ಹೇಗೆ ಹೇಳ್ಲಿ ಅಕ್ಕಾ? ನೋಡೋದನ್ನ ಕಲಿತಿದ್ದೇ ನಿಮ್ಮಿಂದ.”

“ಅದಕ್ಕೇ ಹೇಳಬೇಕಿತ್ತು,” ಎಂದಳು. ಸಿಟ್ಟಿನಿಂದ ಶುರುವಾದ ಮಾತು ನಡುವೆ ಎಲ್ಲೋ ಮೆತ್ತಗಾಯಿತು. “ಚಳಿ ಇಳಿಯೋ ಹೊತ್ತಿಗೆ ಒಂದು ಭಾನುವಾರ ಬಾ. ಈ ಮರದ ಕಡ್ಡಿ ಕೊಡ್ತೀನಿ, ಕಸಿ ಕಟ್ಟೋದು ಕಲಿಸ್ತೀನಿ. ನಿನ್ನ ಮನೇಲೂ ಒಂದಿರಲಿ.”

“ನಮ್ಮನೇಲಿ ಜಾಗ ಇಲ್ಲ ಅಕ್ಕಾ.”

“ನಮ್ಮನೇಲಿ ಇತ್ತಾ? ಮಾಡ್ಕೊಂಡೆ. ನೀನೂ ಮಾಡ್ಕೊ. ಆದ್ರೆ ಒಂದು ಮಾತು: ಇನ್ಮೇಲೆ ನನ್ನ ಕಣ್ಣು ತಪ್ಪಿದ್ರೆ ಹಿಂದಿನಿಂದ ತಿದ್ದಬೇಡ. ಎದುರಿಗೇ ಹೇಳು.”

ಶಿಷ್ಯೆ ಕಣ್ಣೊರೆಸಿಕೊಂಡು ಮರದ ಕಡೆ ನೋಡಿದಳು. ಒಂದು ಎಲೆಯನ್ನು ಬೆಳಕಿಗೆ ಹಿಡಿದಳು. ಸ್ವಲ್ಪ ಅನುಮಾನಿಸಿದಳು. “ಹಾಗಾದ್ರೆ ಈಗಲೇ ಹೇಳ್ತೀನಿ. ಈ ವರ್ಷದ್ದು ಒಂದು ಕೂದಲಷ್ಟು ಹಳದಿ ಕಡೆಗಿದೆ, ಅಕ್ಕಾ. ಹೋದ ವರ್ಷದ್ದೇ ಸರಿಯಾಗಿ ಅದೇ ಕೆಂಪು.”

ಬೆಳಿಗ್ಗೆ ಹತ್ತಕ್ಕೇ ಬಣ್ಣದಕ್ಕನಿಗೂ ಆ ಕೂದಲೆಳೆ ಕಂಡಿತ್ತು. ಸಂತೋಷದಲ್ಲಿ ಅದನ್ನು ನುಂಗಿಕೊಂಡಿದ್ದಳು. ಅಂದರೆ ಕಣ್ಣು ಸರಿಯಾಗಿದೆ. ಅಂದರೆ ಅವಳು ಬದುಕಿಡೀ ಬಯಸಿದ ಬಣ್ಣ ಹೋದ ವರ್ಷ ಇದೇ ಹಿತ್ತಲಲ್ಲಿ ಮೂರು ವಾರ ನಿಂತಿತ್ತು, ಅವಳು ಅದರೆದುರು ಗರಗಸ ಹಿಡಿದು ನಿಂತಿದ್ದಳು.

“ಈ ಸಲ ಚಳಿ ತಡವಾಗಿ ಬಂತು, ಅದಕ್ಕೆ,” ಎಂದಳು ಕೊನೆಗೆ. ಬಕೆಟ್ಟಿನಲ್ಲಿ ಉಳಿದಿದ್ದ ನೀರನ್ನು ಬುಡಕ್ಕೆ ಸುರಿದು, ಇನ್ನೊಂದು ಬಕೆಟ್ ತುಂಬಲು ನಲ್ಲಿಯ ಕಡೆ ಹೊರಟಳು. “ಮುಂದಿನ ವರ್ಷ ಬರುತ್ತೆ.”